ವೃಂದಾಳ ಫ್ರಿಜ್ಜಿನಲ್ಲಿ ಲುಂಬಿನಿಯ ಬಿಲ್ಲೆಗಳು

ಲುಂಬಿನಿ ಮೊದಲ ಸಲ ಶಹಾಬಾದಿನ ಆ ಮನೆಗೆ ಬಂದದ್ದು 2004ರ ದೀಪಾವಳಿ ಮುಗಿದ ವಾರ. ಒಂದು ಕೈಯಲ್ಲಿ ಐಸ್ ತುಂಬಿದ ಡಬ್ಬಿ, ಇನ್ನೊಂದರಲ್ಲಿ ಉಂಗುಟ ಕಿತ್ತ ಚಪ್ಪಲಿ. ಬಾಗಿಲು ತೆರೆದ ವೃಂದಾಳಿಗೆ ಮೊದಲು ಕಂಡದ್ದು ಅವಳ ಕೊರಳಲ್ಲಿ ತೂಗುತ್ತಿದ್ದ ವಿಶ್ವವಿದ್ಯಾಲಯದ ಗುರುತಿನ ಚೀಟಿ. ಮುಖ ನೋಡಿದ್ದು ಆಮೇಲೆ.

"ಸುಜಯ ಸರ್ ಮನಿ ಇದೇ ಏನ್ರಿ ಅಕ್ಕೋರ?"

ವೃಂದಾಳ ಗಂಡ ಸುಜಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ಚಿಮ್ಮನಚೋಡದ ದಶರಥನ ಮಗಳು ಸಂಶೋಧನೆ ಮಾಡುತ್ತಿದ್ದಾಳೆ, ತೊಗರಿಗೆ ಔಷಧಿ ಹೊಡೆಯುವ ಈ ದಿನಗಳಲ್ಲಿ ಸುತ್ತಲಿನ ಬಾವಿಗಳನ್ನು ಪರೀಕ್ಷಿಸುತ್ತಾಳೆ, ಅವಳ ಸಾಮಾನು ನಮ್ಮ ಫ್ರಿಜ್ಜಿನಲ್ಲಿರಲಿ ಎಂದು ಅವನೇ ಹೇಳಿದ್ದ.

"ಥಂಡ್ ಇರಬೇಕ್ರಿ, ಖರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದ್ರ ಸತ್ತಂಗ," ಎಂದು ಲುಂಬಿನಿ ಡಬ್ಬಿ ತೆರೆದಳು. ಒಳಗೆ ರೂಪಾಯಿಯಷ್ಟಗಲದ ಗಾಜಿನ ಬಿಲ್ಲೆಗಳು. ಪ್ರತಿಯೊಂದು ಜೀವಕೋಶಕ್ಕೂ ತೆಳುವಾದ ಪೊರೆಯಿರುತ್ತದೆ, ಆ ಪೊರೆಯಲ್ಲಿ ಪ್ರೋಟೀನಿನ ಬಾಗಿಲುಗಳಿರುತ್ತವೆ. ಒಂದು ಬ್ಯಾಕ್ಟೀರಿಯಾದಿಂದ ಆ ಬಾಗಿಲುಗಳನ್ನು ತೆಗೆದು ಬಿಲ್ಲೆಯ ಮೇಲೆ ಕೂಡಿಸಿದ್ದೇನೆ, ಔಷಧಿಯ ವಿಷ ತಾಗಿದರೆ ಅವು ಮುಚ್ಚಿಕೊಳ್ಳುತ್ತವೆ, ಆಗ ಕೈಯಲ್ಲಿ ಹಿಡಿಯುವ ಮೀಟರಿನ ಮುಳ್ಳು ಏಳುತ್ತದೆ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

ವೃಂದಾ ತಲೆಯಾಡಿಸಿದಳು. ಸೇಡಂನ ಗೋಪಾಲಾಚಾರ್ಯರ ಮಗಳಾದ ಅವಳು ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲಿಗಳು. ಅದೇ ಪೊರೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಎಷ್ಟೋ ಸಲ ಬರೆದವಳು. ಎಂ.ಎಸ್ಸಿ. ಸೀಟು ಸಿಕ್ಕ ವಾರವೇ ಮದುವೆ ನಿಶ್ಚಯವಾಯಿತು. ಯಾರೂ ಬೇಡವೆನ್ನಲಿಲ್ಲ. ಮುಂದಿನ ವರ್ಷ ಸೇರಿದರಾಯಿತೆಂದು ತಾನೇ ಅಂದುಕೊಂಡಳು. ಮುಂದಿನ ವರ್ಷ ಮಗ ಸುಮಧ್ವ ಹೊಟ್ಟೆಯಲ್ಲಿದ್ದ.

ಆಮೇಲೆ ದಿನವೂ ಸಂಜೆ ಲುಂಬಿನಿ ಬಂದು ಸುಜಯನೆದುರು ಕುಳಿತು ಲೆಕ್ಕ ತೋರಿಸುವಳು. ಅಡುಗೆಮನೆಗೆ ಅವರ ನಗು ಕೇಳಿಸುತ್ತಿತ್ತು. ವೃಂದಾಳಿಗೆ ಗಂಡನ ಮೇಲೆ ಸಂಶಯವಿರಲಿಲ್ಲ. ಅಂಥದ್ದೇನಾದರೂ ಇದ್ದಿದ್ದರೆ ಜಗಳವಾಡುವುದಾದರೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದು ಆ ಹುಡುಗಿ ಕುಳಿತ ಕುರ್ಚಿ. ಲುಂಬಿನಿಯ ಚಹಾಕ್ಕೆ ಮಾತ್ರ ಸಕ್ಕರೆ ಕಡಿಮೆ ಹಾಕಿ ಕೊಡುತ್ತಿದ್ದಳು. ಆ ಹುಡುಗಿ ಅದನ್ನೂ ಚಲೋ ಆಗಿದೆಯೆಂದು ಕುಡಿಯುತ್ತಿದ್ದಳು.

ದ್ವಾದಶಿಯ ಬೆಳಗು ಅತ್ತೆ ಲೀಲಾಬಾಯಿ ಮಡಿಯಲ್ಲಿ ಹಾಲಿಗೆಂದು ಫ್ರಿಜ್ ತೆರೆದರು.

"ಹಾಲಿನ ಬಾಜೂಕ ಹುಳದ ಡಬ್ಬಿ ಇಟ್ಟೀಯಲ್ಲ ವೃಂದಾ. ಇದರಾಗಿನ ಹಾಲು ದೇವರಿಗೆ ಹ್ಯಾಂಗ ಇಡ್ಲಿ?"

ಇಕ್ಕಳದಿಂದ ಡಬ್ಬಿಯನ್ನೆತ್ತಿ ಮೇಲಿನ ಐಸಿನ ಖಾನೆಯಲ್ಲಿಟ್ಟು ಅದರ ಬಾಗಿಲು ಮುಚ್ಚಿದರು. "ಇದಕ್ಕ ಬ್ಯಾರೆ ಬಾಗಲಾ ಅದ. ಬ್ಯಾರೆ ಬಾಗಲಾ ಅಂದ್ರ ಬ್ಯಾರೆ ಮನಿ."

"ಅತ್ತೀ," ಎಂದಳು ವೃಂದಾ.

"ಏನವಾ?"

"ಏನಿಲ್ಲ."

ಸಂಜೆ ತಾನೇ ಅದನ್ನು ಕೆಳಗಿಳಿಸಿ, ಅಂಟಿದ್ದ ಹಿಮವನ್ನು ಸೆರಗಿನಿಂದ ಒರೆಸಿದಳು. ಏನೂ ಆಗಿರಲಿಕ್ಕಿಲ್ಲ ಎಂದುಕೊಂಡಳು. ಆಗಿದ್ದರೂ ಆಗಲಿ ಎಂದೂ ಮನಸ್ಸು ಹೇಳಿತು.

ಮರುದಿನ ಬಾವಿ ನೋಡಲು ಹೋಗಬೇಕಿದ್ದ ಸುಜಯನಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಬಿತ್ತು. ಡಬ್ಬಿ ಹಿಡಿದುಕೊಳ್ಳಲು ವೃಂದಾಳೇ ಲುಂಬಿನಿಯ ಜೊತೆ ವಾಡಿಯಾಚೆಯ ಒಂದು ಹಳ್ಳಿಗೆ ಹೋದಳು. ಊರ ಬಾವಿಗೆ ತಾಗಿಯೇ ತೊಗರಿ ಹೊಲ, ಗಾಳಿಯಲ್ಲಿ ಔಷಧಿಯ ವಾಸನೆ. ಖಾಲಿ ಕೊಡಗಳೊಡನೆ ಹೆಂಗಸರು ಕಾದು ನಿಂತಿದ್ದರು. ಲುಂಬಿನಿ ಬಿಲ್ಲೆಯ ಮೇಲೆ ಬಾವಿಯ ನೀರು ಬಿಟ್ಟಳು. ಮುಳ್ಳು ಏಳಲಿಲ್ಲ. ಇನ್ನೊಂದು ಬಿಲ್ಲೆ ಹಾಕಿದಳು. ಆಗಲೂ ಏಳಲಿಲ್ಲ.

"ಏನಂತದವ್ವ ನಿನ್ನ ಮಶೀನು?" ಎಂದಳು ಮುಂದೆ ನಿಂತಿದ್ದ ಗುರುಲಿಂಗಮ್ಮ.

"ನೀರು ಛಲೋ ಅದಂತದ ಆಯಿ."

"ಹಂಗಾದ್ರ ಮೊಮ್ಮಕ್ಕಳಿಗಿ ಕುಡಸ್ತೀನಿ," ಎಂದು ಗುರುಲಿಂಗಮ್ಮ ಹಗ್ಗ ಬಿಟ್ಟಳು.

ವೃಂದಾ ಹಗ್ಗ ಹಿಡಿದಳು. "ಬ್ಯಾಡ ಆಯಿ." ಆಮೇಲೆ ಲುಂಬಿನಿಯ ಕಡೆ ತಿರುಗಿದಳು. "ನಿನ್ನೆ ಇಡೀ ದಿನ ಡಬ್ಬಿ ಐಸಿನ ಖಾನೆದಾಗಿತ್ತು. ಪ್ರೋಟೀನ್ ಕೆಟ್ಟಿರ್ತದ. ವಿಷ ಇದ್ರೂ ಮುಳ್ಳು ಏಳಂಗಿಲ್ಲ."

"ಯಾರಿಟ್ರು?"

"ಅತ್ತಿ ಇಟ್ರು. ನಾ ನೋಡಿದ್ದೆ."

"ನೋಡಿ ಸುಮ್ಮ ಇದ್ರಿ?"

"ಹೂಂ."

ಲುಂಬಿನಿಯ ಮುಖ ಸಣ್ಣದಾಯಿತು. "ಪ್ರೋಟೀನ್ ಕೆಡೋದು ನಿಮಗ ಹ್ಯಾಂಗ ಗೊತ್ತು?"

"ಓದೀನಿ. ನಿನಗಿಂತ ಮೊದಲ ಓದೀನಿ."

"ಓದಿದವ್ರ ಜಗಳ ಆಮ್ಯಾಲ ಮಾಡ್ಕೋರಿ," ಎಂದಳು ಗುರುಲಿಂಗಮ್ಮ. "ನೀರು ಕುಡೀಲೋ, ಬ್ಯಾಡೋ?"

"ಬ್ಯಾಡ್ರಿ," ಎಂದಳು ಲುಂಬಿನಿ.

ವಾರ ಕಳೆದ ಮೇಲೆ ಹೊಸ ಬಿಲ್ಲೆಗಳು ಬಂದವು. ಆ ಬಾವಿಯ ನೀರಿಗೆ ಮುಳ್ಳು ನೆಟ್ಟಗೆ ಎದ್ದಿತು. ಹೆಂಗಸರು ಆ ಚಳಿಗಾಲವೆಲ್ಲ ಊರಾಚೆಯ ಬೋರಿನಿಂದ ನೀರು ಹೊತ್ತರು.

ಲುಂಬಿನಿ ಮತ್ತೆ ಆ ಮನೆಯಲ್ಲಿ ಡಬ್ಬಿ ಇಡಲಿಲ್ಲ. ಮುನಾಫನ ಔಷಧಿ ಅಂಗಡಿಯಲ್ಲಿ ಇನ್ಸುಲಿನ್ ಪಕ್ಕ ಜಾಗ ಮಾಡಿಕೊಂಡಳು. ಆದರೆ ಅಂದಿನಿಂದ ಒಂದು ಕ್ರಮ ಹಾಕಿಕೊಂಡಳು: ಬಾವಿಯ ನೀರಿಗಿಂತ ಮೊದಲು, ವಿಷ ಬೆರೆಸಿದ ನೀರಿನ ಒಂದು ಹನಿ ಬಿಟ್ಟು ಬಿಲ್ಲೆ ಬದುಕಿದೆಯೋ ಇಲ್ಲವೋ ನೋಡುವುದು. ಆ ನೀರನ್ನು ಅಳತೆಯಿಂದ ಬೆರೆಸಿಕೊಡಲು ಯಾರಾದರೂ ಬೇಕಿತ್ತು. ತಿಂಗಳಾದ ಮೇಲೆ ಮುನಾಫನ ಕೈಯಲ್ಲಿ ಹೇಳಿಕಳಿಸಿದಳು: "ಓದಿದವ್ರು ಅದಾರಲ್ಲ, ಅವರೇ ಮಾಡಿಕೊಡ್ಲಿ."

ವೃಂದಾಳಿಗೆ ಆ ಮಾತು ಚುಚ್ಚಿತು. ಮಾಡಿಯೂ ಕೊಟ್ಟಳು.

ಈಗ ಲುಂಬಿನಿ ಡಾಕ್ಟರೇಟ್ ಪಡೆದು ಪುಣೆಯಲ್ಲಿ ವಿಜ್ಞಾನಿ. ವೃಂದಾ ಬಿ.ಎಡ್. ಮುಗಿಸಿ ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ತೊಗರಿ ಹೂಬಿಡುವ ದಿನಗಳಲ್ಲಿ ಪುಣೆಯಿಂದ ಬಿಲ್ಲೆಗಳು ಬರುತ್ತವೆ. ಅವನ್ನು ತೆಗೆದುಕೊಂಡು ರವಿವಾರಗಳಲ್ಲಿ ಸುಲೇಪೇಟದವರೆಗೂ ಬಾವಿ ಬಾವಿಗೆ ಹೋಗುತ್ತಾಳೆ. ಮುಳ್ಳು ಏಳುವುದನ್ನು ಕಂಡ ಜನ, "ಇದು ನೀವೇ ಮಾಡಿದ್ದೇನ್ರಿ ಟೀಚರ?" ಎಂದು ಕೇಳುತ್ತಾರೆ.

"ಅಲ್ಲ, ಲುಂಬಿನಿ ಅಂತ ಒಬ್ಬಾಕಿ ಮಾಡ್ಯಾಳ," ಎನ್ನುತ್ತಾಳೆ ವೃಂದಾ. ಪ್ರತಿ ಸಲವೂ ಹೇಳುತ್ತಾಳೆ. ಹೆಸರು ಬಾಯಿಗೆ ಬರುವುದು ಮಾತ್ರ ಈಗಲೂ ಸ್ವಲ್ಪ ತಡ.