ಸತ್ಯಪ್ಪ ಕಾದ ಹತ್ತು ನಿಮಿಷ

ಘೋಡಗೇರಿಯ ಸತ್ಯಪ್ಪ ಇಪ್ಪತ್ತಾರು ಮಳೆಗಾಲ ಘಟಪ್ರಭೆಯ ನೀರು ನೋಡಿದವನು. ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಮೀಟರ್ ಗುರುತುಗಳನ್ನು ದಿನಕ್ಕೆ ಮೂರು ಸಲ, ಹೊಳೆ ತುಂಬಿದಾಗ ತಾಸಿಗೊಮ್ಮೆ ನೋಡಿ ನೀರಾವರಿ ಆಫೀಸಿಗೆ ಫೋನ್ ಮಾಡಿ ಹೇಳುವುದು ಅವನ ಕೆಲಸ. ಮೂರು ವರ್ಷದ ಹಿಂದೆ ಅದೇ ಸೇತುವೆಗೆ ಒಂದು ಬಿಳಿ ಡಬ್ಬಿ ಬಂತು. ಪಕ್ಕಕ್ಕೆ ಸೋಲಾರ್ ಹಲಗೆ, ಒಳಗೊಂದು ಸಿಮ್ ಕಾರ್ಡು.

ಅದನ್ನು ಜೋಡಿಸಲು ಬಂದ ಇಂಜಿನಿಯರ್ ರಾಜೇಶ್ವರಿ ಅವನನ್ನು ಕರೆದು ತಿಳಿಸಿದಳು. "ಇದು ಮ್ಯಾಲಿಂದ ಒಂದು ತರಂಗ ಬಿಡತೈತ್ರಿ ಕಾಕಾ. ಅದು ನೀರಿಗಿ ಬಡದು ವಾಪಸ್ ಬರಾಕ ಎಷ್ಟು ಹೊತ್ತಾತು ಅನ್ನೂದ್ರ ಮ್ಯಾಲ ನೀರು ಎಷ್ಟು ಏರೈತಿ ಅಂತ ಗೊತ್ತಾಗತೈತಿ. ಅಪಾಯ ಅನಿಸಿದ್ರ ಮಸಗುಪ್ಪಿ ಸಾಲಿ ಮ್ಯಾಲಿನ ಸೈರನ್ ತಾನ ಒದರತೈತಿ."

ಘೋಡಗೇರಿಯ ನೀರು ಹೊಳೆಯ ಕೆಳಗಿನ ಊರಾದ ಮಸಗುಪ್ಪಿ ಮುಟ್ಟಲು ಸುಮಾರು ನಾಲ್ಕು ತಾಸು ಬೇಕು. ಜನ, ದನ ಮೇಲೆ ಹತ್ತಲು ಅಷ್ಟು ಸಾಕು.

"ಹಂಗಾರ ನಾ ಯಾಕ ಬೇಕ್ರಿ ಮೇಡಂ?"

"ಹಲಗಿ ಒರಸಾಕ. ಮತ್ತ ಅದು ತಪ್ಪು ಹೇಳಿದ್ರ ನಮಗ ತಿಳಸಾಕ."

ಅಂದು ಮನೆಗೆ ಹೋಗಿ ಹೆಂಡತಿ ಶೆಟ್ಟೆವ್ವನಿಗೆ, "ನಾ ಈಗ ಹಲಗಿ ಒರಸಾಂವ ಆದ್ನಿ" ಎಂದ. ಊಟ ಅರ್ಧಕ್ಕೇ ಬಿಟ್ಟ.

ಕಳೆದ ವರ್ಷ ಜುಲೈ ಮೊದಲ ವಾರ ಮಸಗುಪ್ಪಿಯ ಸೈರನ್ ಕೂಗಿತು. ಹೊಳೆದಂಡೆಯ ಓಣಿಯವರು ಹಾಸಿಗೆ, ಪಾತ್ರೆ ಹೊತ್ತು, ದನ ಹೊಡೆದುಕೊಂಡು ದಿಬ್ಬ ಹತ್ತಿದರು. ಅವಸರದಲ್ಲಿ ಒಬ್ಬ ಮುದುಕ ಬಿದ್ದು ಕೈ ಮುರಿದುಕೊಂಡ. ಸಂಜೆಯವರೆಗೆ ಕೂತರೂ ನೀರು ಬರಲಿಲ್ಲ.

ಕಾರಣ ಸತ್ಯಪ್ಪನಿಗೆ ಸಿಕ್ಕಿತು. ಬುಡಸಮೇತ ಕಿತ್ತು ಬಂದ ಜಾಲಿಗಿಡವೊಂದು ಡಬ್ಬಿಯ ಕೆಳಗೇ ಸಿಕ್ಕಿಕೊಂಡಿತ್ತು. ಅದರ ಮೇಲೆ ಕಬ್ಬಿನ ಒಣಗರಿಯ ರವದಿ ರಾಶಿಯಾಗಿ ಕೂತಿತ್ತು. ತರಂಗ ರವದಿಗೆ ಬಡಿದು ವಾಪಸ್ಸಾಗಿ, ಡಬ್ಬಿ ಅದನ್ನೇ ನೀರೆಂದು ತಿಳಿದಿತ್ತು. ಇಬ್ಬರನ್ನು ಕರೆದು ಹಗ್ಗ ಹಾಕಿ ಗಿಡ ಎಳೆಸಿದ.

ಮರುದಿನ ಮಸಗುಪ್ಪಿಯಲ್ಲಿ ನಲ್ಲಿ ನೀರು ಬಿಡುವ ಮಾಲಿಂಗನ ಫೋನ್ ಬಂತು. "ಕಾಕಾ, ಮಂದಿ ಸೈರನ್ ತಂತಿ ಕತ್ತರಸ್ತೀವಿ ಅನ್ನಾಕತ್ತಾರ."

ಯಾರೂ ಹೋಗೆನ್ನದಿದ್ದರೂ ಸತ್ಯಪ್ಪ ಗೋಕಾಕದಲ್ಲಿ ಬಸ್ಸು ಬದಲಿಸಿ ಮಸಗುಪ್ಪಿಗೆ ಹೋದ. ಶಾಲೆಯ ಕಟ್ಟೆಯ ಮೇಲೆ ಜನ ಸೇರಿದ್ದರು. ಆರು ಎಮ್ಮೆ ಕಟ್ಟಿದ ಕರೆವ್ವ ಎಲ್ಲರಿಗಿಂತ ಮುಂದಿದ್ದಳು.

"ನಿನ್ನ ಡಬ್ಬಿ ನಂಬಿ ಈ ವಯಸ್ಸಿನ್ಯಾಗ ಓಡಿದ್ನೆಪಾ. ಇನ್ನ ಅದು ಎಷ್ಟರ ಒದರಲಿ, ನಾ ಏಳಾಂಗಿಲ್ಲ."

ಸತ್ಯಪ್ಪ ಜಾಲಿಗಿಡದ ಕತೆ ಬಿಡಿಸಿ ಹೇಳಿದ. ಆಮೇಲೆ ಅಂದ: "ತಂತಿ ಕತ್ತರಸಬ್ಯಾಡ್ರಿ ಯವ್ವಾ. ಅದು ಒದರಿದ ಕೂಡಲೇ ಮಾಲಿಂಗ ನನಗ ಫೋನ್ ಹಚ್ಚಲಿ. ನಾ ಕಂಬ ನೋಡಿ ಹೇಳತೀನಿ. ಹೌದಂದ್ರ ಏಳ್ರಿ."

ಜನ ಒಪ್ಪಿದರು. ಸತ್ಯಪ್ಪ ಸೇತುವೆ ಬಿಟ್ಟು ದೂರ ಹೋಗುವುದನ್ನೇ ನಿಲ್ಲಿಸಿದ.

ಹನ್ನೆರಡನೇ ದಿನ, ಮುಂಜಾನೆ ಹನ್ನೊಂದಕ್ಕೆ ಫೋನ್ ಬಂತು. "ಕಾಕಾ, ಒದರಾಕತ್ತೈತಿ!"

ಸತ್ಯಪ್ಪ ಓಡಿಹೋಗಿ ಕಂಬ ನೋಡಿದ. ನೀರು ಅಪಾಯದ ಗುರುತಿಗಿಂತ ಅರ್ಧ ಮೀಟರಿಗೂ ಹೆಚ್ಚು ಕೆಳಗಿತ್ತು. ಡಬ್ಬಿಯ ಕೆಳಗೆ ಗಿಡ, ರವದಿ ಏನೂ ಇರಲಿಲ್ಲ. ಸುಳ್ಳು ಎಂಬ ಮಾತು ಬಾಯಿಗೇ ಬಂದಿತ್ತು. ಅದನ್ನು ನುಂಗಿ, "ದನಾ ಬಿಚ್ಚಿ ತಯಾರ ಇಟ್ಟಕೋರಿ, ಹತ್ತು ನಿಮಿಷ ತಡೀರಿ" ಎಂದು ರಾಜೇಶ್ವರಿಗೆ ಫೋನ್ ಹಚ್ಚಿದ.

"ಗುರುತು ಮುಟ್ಟಿಲ್ರಿ ಮೇಡಂ. ಮತ್ಯಾಕ ಒದರಾಕತ್ತೈತಿ?"

"ಗುರುತು ಮುಟ್ಟಿದ್ರಷ್ಟ ಅಲ್ರಿ ಕಾಕಾ, ನೀರು ಭಾಳ ಜೋರ್ ಏರಾಕತ್ತಿದ್ರೂ ಒದರತೈತಿ. ಹತ್ತು ಹತ್ತು ನಿಮಿಷದ ಲೆಕ್ಕ ಕೂಡಿಸಿ ಮುಂದ ಏನಾಗತೈತಿ ಅಂತ ನೋಡತೈತಿ."

ಇಪ್ಪತ್ತಾರು ವರ್ಷ ಸತ್ಯಪ್ಪ ನೀರು ಎಷ್ಟಿದೆ ಎಂದು ನೋಡಿದ್ದ, ಎಷ್ಟು ಬೇಗ ಏರುತ್ತಿದೆ ಎಂದು ಹೀಗೆ ನಿಂತು ನೋಡಿರಲಿಲ್ಲ. ಕಂಬದಿಂದ ಕಣ್ಣು ತೆಗೆಯದೆ ನಿಂತ. ಮಳೆ ಜೋರಿತ್ತು, ಛತ್ರಿ ಬಿಚ್ಚುವ ಎಚ್ಚರವೂ ಅವನಿಗಿರಲಿಲ್ಲ. ಹತ್ತು ನಿಮಿಷಕ್ಕೆ ಹೊಳೆ ಒಂದು ಗೇಣು ಏರಿತು. ದೊಡ್ಡ ಮಹಾಪೂರದಲ್ಲೂ ಅಷ್ಟಕ್ಕೆ ಒಂದು ತಾಸು ಹಿಡಿದಿದ್ದು ಅವನಿಗೆ ನೆನಪಿತ್ತು.

"ಮಾಲಿಂಗಾ, ಏಳಸು ಎಲ್ಲಾರ್ನೂ."

"ಗುರುತು ದಾಟೈತೇನ್ರಿ ಕಾಕಾ?"

"ಇನ್ನೂ ಇಲ್ಲ. ನಿಮ್ಮೂರು ಮುಟ್ಟೂದ್ರಾಗ ದಾಟತೈತಿ. ನಾ ಹೌದಂತೀನಿ, ಏಳ್ರಿ."

ಮೂರು ಗಂಟೆಯ ಹೊತ್ತಿಗೆ ಮಸಗುಪ್ಪಿಯ ಕೆಳಗಿನ ಓಣಿಗೆ ನೀರು ನುಗ್ಗಿತು. ಸಂಜೆಗೆ ಹದಿನೆಂಟು ಮನೆಗಳಲ್ಲಿ ಸೊಂಟಮಟ್ಟ ನಿಂತಿತ್ತು. ಕರೆವ್ವನ ಎಮ್ಮೆಗಳ ಮೇವಿನ ಕಣಿಕೆ ಬಣವೆ ತೇಲಿಹೋಯಿತು, ಎರಡು ಗೋಡೆ ಬಿದ್ದವು. ಆದರೆ ಜನರಲ್ಲಿ, ದನಗಳಲ್ಲಿ ಒಂದು ಜೀವವೂ ಹೋಗಲಿಲ್ಲ.

ಸತ್ಯಪ್ಪ ಪೂರ್ತಿ ತೊಯ್ದು ಮನೆಗೆ ಬಂದ. ಶೆಟ್ಟೆವ್ವ ಚಹಾ ಕೊಟ್ಟಳು. "ಇವತ್ತ ನಾ ಸುಳ್ಳು ಅಂದ ಬಿಡಾಂವಿದ್ನಿ" ಎಂದ. ಅವಳು ಟವೆಲ್ ತಂದು ಅವನ ತಲೆ ಒರೆಸಿದಳು.

ನೀರು ಇಳಿದ ಮೇಲೆ ಅವನು ರಾಜೇಶ್ವರಿಗೆ ಒಂದು ಮಾತು ಹೇಳಿದ: ಎರಡೂ ಕಾರಣಕ್ಕೆ ಒಂದೇ ದನಿಯಾದರೆ ಜನಕ್ಕೆ ತಿಳಿಯುವುದಿಲ್ಲ. ಈ ಬೇಸಿಗೆಯಲ್ಲಿ ಅವಳು ಅದನ್ನು ಬದಲಿಸಿಕೊಟ್ಟಳು. ಗುರುತು ದಾಟಿದರೆ ಉದ್ದನೆಯ ಕೂಗು, ಜೋರಾಗಿ ಏರಿದರೆ ತಡೆದು ತಡೆದು ಕೂಗು. ಡಬ್ಬಿಯ ಕೆಳಗೆ ಕಸ ನಿಲ್ಲದಂತೆ ಜಾಗವನ್ನೂ ಸರಿಸಿದಳು.

ಪರೀಕ್ಷೆಯ ದಿನ ಸತ್ಯಪ್ಪನೂ ಮಸಗುಪ್ಪಿಗೆ ಹೋಗಿದ್ದ. ಕರೆವ್ವ ಎರಡೂ ಕೂಗು ಕೇಳಿಸಿಕೊಂಡು ಕಿವಿಯಿಂದ ಕೈ ತೆಗೆದಳು.

"ಯಾವುದಕ್ಕ ಏಳಬೇಕ್ಪಾ?"

"ಎರಡಕ್ಕೂ ಏಳ್ರಿ ಯವ್ವಾ," ಎಂದ ಸತ್ಯಪ್ಪ. "ತಡದು ತಡದು ಒದರಿದ್ರ ನನ್ನ ಫೋನ್ ದಾರಿ ಸೈತ ಕಾಯಬ್ಯಾಡ್ರಿ."