ಖಾಲಿ ಕುರ್ಚಿಗೆ ಬಡಿಸಿದ ಊಟ

ಓಯ್, ರಸ್ತೆಯ ಆಚೆ ಬದಿಯವರೇ, ಸ್ವಲ್ಪ ನಿಲ್ಲಿ ಮಾರಾಯ್ರೇ! ನಮ್ಮ ಗುರುವಪ್ಪ ಮಾವ ಬಹ್ರೇನಿನಲ್ಲಿ ಊಟಕ್ಕೆ ಕೂತವರನ್ನೆಲ್ಲ ಎಬ್ಬಿಸಿ ಹೊರಗೆ ಹಾಕಿದ ಕಥೆ ಕೇಳಿಕೊಂಡು ಹೋಗಿ.

ಎಪ್ಪತ್ತೆಂಟನೇ ಇಸವಿಯ ನವೆಂಬರ್. ಸೆಕೆ ಇಳಿದು, ಎಸಿ ನಿಲ್ಲಿಸಿ ಕಿಟಕಿ ತೆರೆಯುವ ಕಾಲ. ಮಾವ ಅಲ್ಲಿನ ಗುಫೂಲ್ ಬಡಾವಣೆಯ ಒಂದು ಅಮೆರಿಕನ್ ಮನೆಯಲ್ಲಿ ಅಡುಗೆಗೆ ಸೇರಿ ತಿಂಗಳಾಗಿತ್ತಷ್ಟೇ. ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಒಪ್ಪಿಗೆಯಾದರೆ ಕೆಲಸದ ವೀಸಾ, ಇಲ್ಲದಿದ್ದರೆ ಊರಿನ ವಿಮಾನ. ಬೆಳೆ ಕೈಗೆ ಬಂದದ್ದಕ್ಕೆ ದೇವರನ್ನು ನೆನೆಯುವ ಹಬ್ಬ ಎಂದು ಮೇಡಂ ಹೇಳಿದಾಗ ಮಾವನಿಗೆ ಧೈರ್ಯ ಬಂತು. ನಮ್ಮ ಹೊಸ ಅಕ್ಕಿ ಊಟದ ಹಾಗೆಯೇ ಅಲ್ಲವಾ!

ಟರ್ಕಿ ಕೋಳಿ ಚೆನ್ನಾಗಿಯೇ ಬೆಂದಿತು. ಮಧ್ಯಾಹ್ನ ಎಲ್ಲರೂ ಕೂತ ಮೇಲೆ ನೋಡಿದರೆ ಒಂದು ಕುರ್ಚಿ ಖಾಲಿ, ಅದರ ಮುಂದೆಯೂ ತಟ್ಟೆ. ಮೇಡಮ್ಮನ ಅಪ್ಪ ಆ ಬೇಸಗೆಯಲ್ಲಿ ಅಮೆರಿಕದಲ್ಲಿ ತೀರಿಕೊಂಡಿದ್ದರು. ಆಕೆಗೆ ಹೋಗಲಾಗಿರಲಿಲ್ಲ. ಮಾವನಿಗೆ ಎಲ್ಲ ಅರ್ಥವಾಯಿತು. ನಮ್ಮಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುತ್ತೇವಲ್ಲ, ಆ ಅಗೆಲು! ಅವರು ಉಂಡ ಮೇಲೆಯೇ ನಾವು.

ಮೊದಲ ತುಂಡು ಆ ತಟ್ಟೆಗೆ ಹಾಕಿದ. ಪಕ್ಕದಲ್ಲಿ ನೀರಿಟ್ಟು ಮೇಣದಬತ್ತಿ ಹಚ್ಚಿದ. ಮತ್ತೆ ಬಾಗಿಲ ಕಡೆ ಕೈ ತೋರಿಸಿ, "ಎಲ್ಲ ಹೊರಗೆ! ಬೇಗ, ಬೇಗ!" ಎಂದ.

ಬೆಂಕಿ ಬಿತ್ತೆಂದು ಹೆದರಿ ನೆಂಟರು ಅಂಗಳಕ್ಕೆ ಓಡಿದರು. ಒಬ್ಬಾಕೆಯ ಚಪ್ಪಲಿ ಮೇಜಿನಡಿಯಲ್ಲೇ ಉಳಿಯಿತು. ಮಾವ ಕೊನೆಗೆ ಬಂದು ಬಾಗಿಲೆಳೆದುಕೊಂಡ.

"ಗುರು, ಏನಿದು?" ಮೇಡಮ್ಮನ ಮುಖ ಕೆಂಪಾಗಿತ್ತು.

"ಒಳಗೆ ಊಟ ಮಾಡ್ತಾ ಇದ್ದಾರೆ ಮೇಡಂ."

"ಯಾರು?"

"ನಿಮ್ಮ ಅಪ್ಪ."

ಮೇಡಂ ಮೆಲ್ಲಗೆ ಹೇಳಿದರು, "ಆ ಕುರ್ಚಿ ನಿನಗೆ ಇಟ್ಟದ್ದು. ಇವತ್ತು ನೀನೂ ನಮ್ಮ ಜೊತೆ ಕೂತು ತಿನ್ನಬೇಕು ಅಂತ."

ಅಂದರೆ ಮಾವ, ಬದುಕಿದ್ದ ತನಗೆ ತಾನೇ ಅಗೆಲು ಬಡಿಸಿಕೊಂಡಿದ್ದ! ವೀಸಾವೂ ಹೋಯಿತು, ಜೀವವೂ ಹೋಯಿತು ಎಂದು ಗೋಡೆ ಹಿಡಿದು ಕೂತೇಬಿಟ್ಟ.

ಮೇಡಂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. "ಅಪ್ಪನಿಗೆ ಕಾಲಿನ ತುಂಡು ಇಷ್ಟ."

"ಕಾಲೇ ಹಾಕಿದ್ದೇನೆ ಮೇಡಂ."

ಆಕೆ ಕಣ್ಣೊರೆಸಿಕೊಂಡರು. "ಇನ್ನೆಷ್ಟು ಹೊತ್ತು ನಿಲ್ಲಬೇಕು?"

ಒಳಗೆ ಹೋದ ಮೇಲೆ ಆ ಕುರ್ಚಿಯನ್ನು ಹಾಗೇ ಬಿಟ್ಟು, ಮಾವನಿಗೆ ಅಡುಗೆಮನೆಯ ಸ್ಟೂಲನ್ನು ತಾವೇ ತಂದು ಹಾಕಿದರು. ಕೋಳಿ ತಣಿದಿದೆ ಎಂದು ಸಾಹೇಬರ ಗೊಣಗಾಟ. ಮಾವ ಹೊರಡುವಾಗ ಮೇಡಂ ಅಂದರು, "ಶನಿವಾರ ಪಾಸ್‌ಪೋರ್ಟ್ ತಾ. ವೀಸಾ ಮಾಡಿಸೋಣ."

ಆದರೂ ಗುದೈಬಿಯಾದಲ್ಲಿದ್ದ ತನ್ನ ಬಾಡಿಗೆ ರೂಮಿಗೆ ಬಂದವ ಅಂಗಿ ಬಿಚ್ಚಿಟ್ಟು ಹಾಸಿಗೆಯ ಮೇಲೆ ಕೂತೇ ಇದ್ದ. ಜೊತೆಗಿದ್ದ ಹುಸೈನಬ್ಬನನ್ನು ಕೇಳಿದ, "ನನಗೆ ಎಂತದ್ದೂ ಆಗ್ಲಿಕ್ಕಿಲ್ಲ ಅಲ್ಲವಾ?"

"ಸತ್ತವ ನಿನ್ನ ಹಾಗೆ ಗೊರಕೆ ಹೊಡೆಯುದುಂಟಾ ಮಾರಾಯ? ಮಲಗು ನೀನು."

ಶನಿವಾರಕ್ಕೆ ಇನ್ನೂ ಎರಡು ರಾತ್ರಿ ಇದ್ದರೂ ಮಾವ ಟ್ರಂಕ್ ತೆರೆದು ಪಾಸ್‌ಪೋರ್ಟ್ ತೆಗೆದ. ಬಿಚ್ಚಿಟ್ಟ ಅಂಗಿಯನ್ನು ಮತ್ತೆ ಹಾಕಿಕೊಂಡು, ಪಾಸ್‌ಪೋರ್ಟನ್ನು ಜೇಬಿಗೆ ಸೇರಿಸಿ ಮಲಗಿದ.