ಪದಕ್ಕೆ ಅಂಟಿದ ಬಾಲ

ನಮ್ಮ ಇಂಗ್ಲಿಷ್ ಮಾಸ್ತರರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಓದಿಸುವಾಗ ಅದೊಂದೇ ನೆಟ್ಟಗೆ ನಿಂತು, ಕ್ರಿಯಾಪದದ ಹಿಂದಿನ ಪುಟ್ಟ ಪದದ ಮೇಲೆ ಹೋಗಿ ಕೂರುತ್ತಿತ್ತು. “ಬಾಲ ನೋಡಲೇ” ಎನ್ನುತ್ತಿದ್ದರು. ಗಿವ್ ಎಂದರೆ ಕೊಡು. ಅಪ್ ಎಂಬ ಬಾಲ ಹಚ್ಚಿದರೆ ಕೈಬಿಡು. ನನಗಿದು ಮೋಸವೆನಿಸುತ್ತಿತ್ತು. ಆಳಂದದ ಶಾಲೆಯ ಚರ್ಚಾಕೂಟದಲ್ಲಿ ಸೋಲದವನು ನಾನು. ಎರಡು ಪದ ಕೂಡಿ ಎರಡರದ್ದೂ ಅಲ್ಲದ ಅರ್ಥ ಕೊಡುತ್ತವೆಂದರೆ, ಮಾಸ್ತರರು ಅದನ್ನು ಆಗಿಂದಾಗ ಕಟ್ಟಿ ಹೇಳುತ್ತಿದ್ದಾರೆಂದೇ ನನ್ನ ವಾದ. ಎದುರಿಗೇ ಹೇಳಿದೆ. ಬೈಯಲಿಲ್ಲ. ಅದರಿಂದ ಸಂಶಯ ಹೆಚ್ಚಿತು.

ಅಕ್ಕ ಹೆರಿಗೆಗೆ ಸೊಲ್ಲಾಪುರದ ಆಸ್ಪತ್ರೆ ಸೇರಿದ್ದಳು. ಉಳಿಯುವುದು ಕಷ್ಟವೆಂಬ ಸುದ್ದಿಯ ಬೆನ್ನಿಗೇ ಭಾವನ ತಂತಿ ಬಂತು: ‘ಪುಲ್ಡ್ ಥ್ರೂ’. ನಾನೇ ಓದಿದೆ. ಪುಲ್ ಎಂದರೆ ಎಳೆ. ಜೀವ ಎಳೆಯುತ್ತಿದೆ, ಇನ್ನೇನು ಮುಗಿಯಿತು ಎಂದೆ. ಅವ್ವ ಕೂಸಿಗೆಂದು ಹೊಲಿಯುತ್ತಿದ್ದ ಕುಲಾವಿಯನ್ನು ಕೆಳಗಿಟ್ಟಳು. ಆಮೇಲೆ ತಂತಿ ಹಿಡಿದು ಮಾಸ್ತರರ ಮನೆಗೆ ನಡೆದಳು. ನಾನೂ ಹಿಂದೆ ಹೋದೆ.

ಕಿರುಬೆರಳು ‘ಥ್ರೂ’ ಮೇಲೆ ಕೂತಿತು. “ಬದುಕ್ಯಾಳ ತಾಯಿ. ಗಂಡಾಂತರ ದಾಟ್ಯಾಳ.”

ಮುಖದಲ್ಲಿ ನಗುವಿರಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆಂದುಕೊಂಡೆ. ನಿಘಂಟು ಕೇಳಿದೆ. ಇದ್ದದ್ದೊಂದು ನಿಘಂಟಿನಲ್ಲಿ ‘ಪಿ’ಯ ಪುಟಗಳನ್ನು ಗೆದ್ದಲು ತಿಂದಿತ್ತು. ಎಷ್ಟು ಅನುಕೂಲದ ಗೆದ್ದಲು!

“ಪುಲ್ ಅಂದ್ರ ಎಳಿ ಅಂತ ನೀವೇ ಕಲಿಸೀರಿ. ಈಗ ದಾಟೋದು ಎಲ್ಲಿಂದ ಬಂತ್ರಿ?”

“ಬಾಲದಿಂದ ಬಂತಲೇ. ನನ್ನ ಮ್ಯಾಲೆ ಶಕ್ ಮಾಡ್ತಿ, ಮಾಡು. ನಿನ್ನ ‘ಎಳಿ’ ಮ್ಯಾಲೆ ಯಾಕ ಮಾಡವಲ್ಲಿ?”

ನನಗೆ ನಂಬಿಕೆ ಬರಲಿಲ್ಲ. ಅವ್ವ ಮಾತ್ರ ನನ್ನ ಓದಿಗೆ ಬೆಂಕಿ ಹಚ್ಚೆಂದು ಬೈಯುತ್ತ ಮನೆಗೆ ಬಂದು ಕುಲಾವಿ ಕೈಗೆತ್ತಿಕೊಂಡಳು. ಅದನ್ನು ಹಾಕಿಕೊಂಡ ಕೂಸನ್ನೆತ್ತಿ ಅಕ್ಕ ಬಂಡಿಯಿಂದ ಇಳಿಯುವತನಕ ನಾನು ಮಾಸ್ತರರನ್ನು ನಂಬಲಿಲ್ಲ. ಆಮೇಲೂ ತಪ್ಪಾಯಿತೆಂದು ಹೇಳಲಿಲ್ಲ. ಅಷ್ಟರಲ್ಲಿ ಅವರಿಗೆ ಜೇವರ್ಗಿಗೆ ವರ್ಗವಾಯಿತು.

ಮೊನ್ನೆ ಅಲ್ಲಿಂದ ಅವರ ಜೊತೆಯ ಶಿಕ್ಷಕರೊಬ್ಬರು ಇಂಗ್ಲಿಷಿನಲ್ಲಿ ಕಾರ್ಡು ಬರೆದಿದ್ದಾರೆ. ಮಾಸ್ತರರು ‘ಪಾಸ್ಡ್ ಅವೇ’. ಪಾಸ್ ಎಂದರೆ ನಮ್ಮಲ್ಲಿ ಹುಡುಗರು ಸಕ್ಕರೆ ಹಂಚುವ ಪದ. ಮಾಸ್ತರರು ಹೇಗಿದ್ದಾರಂತೆ ಎಂದು ಅವ್ವ ಕೇಳಿದಳು. ನಾನು ಬಾಲದ ಮೇಲೆ ಕಿರುಬೆರಳಿಟ್ಟೆ. ತೀರಿಕೊಂಡರೆಂದು ನನಗೆ ತಿಳಿದ ಅರ್ಥದ ಮೇಲೆಯೇ ಈ ಸಲ ಶಕ್ ಮಾಡಿದೆ, ಅವರು ಹೇಳಿದ ಹಾಗೆ. ಈಗ ನನ್ನ ಬಳಿ ನನ್ನದೇ ನಿಘಂಟಿದೆ, ಗೆದ್ದಲು ಮುಟ್ಟಿಲ್ಲ. ತೆಗೆದು ನೋಡಿದೆ. ಪುಟ ಇತ್ತು. ಬೇರೆ ಅರ್ಥ ಇರಲಿಲ್ಲ.